ನೆಲದಿಂದ ಮೇಲಕ್ಕೆ

"ನಾಳೆ ನಾ ಹುಬ್ಬಳ್ಳಿಗೆ ಹೋಗದಿಲ್ಲ" ಎಂದು ಸೌಮ್ಯ ಗೋಡೆಯ ಕಡೆ ಹೊರಳಿ ಮಲಗಿದಳು. ಗಂಡ ಸುನೀಲ ಬಾಗಿಲಲ್ಲೇ ನಿಂತ. "ಇಂಜೆಕ್ಷನ್ನು ಇನ್ನೆಷ್ಟು ಉಳಿದದೆ ಮಾರಾಯ್ತಿ, ಅರ್ಧಕ್ಕೆ ಬಿಟ್ಟರೆ ಹೆಂಗೆ?" ಎಂದ. ಹಾಸಿಗೆಯ ಹತ್ತಿರ ನಿಂತಿದ್ದ ತನ್ನ ತಾಯಿಯ ಮುಖವನ್ನೊಮ್ಮೆ ನೋಡಿ, ಡೈರಿಗೆ ಹಾಲು ಕೊಡುವ ನೆಪ ಹಿಡಿದು ಸ್ಕೂಟರ್ ಹತ್ತಿ ಹೋದ.

ಎದೆಯ ಗಡ್ಡೆ ತೆಗೆದ ಮೇಲೆ ಆಸ್ಪತ್ರೆಯವರು ಸೌಮ್ಯಳಿಗೆ ಉದ್ದನೆಯ ಒಂದು ಚಿತ್ರದ ಹಾಳೆ ಕೊಟ್ಟಿದ್ದರು. ಇಂಜೆಕ್ಷನ್ ಹಾಕಿಸಿಕೊಂಡರೆ ಮೈಗೆ ಏನೇನಾಗುತ್ತದೆ ಎಂದು ಒಂದರ ಕೆಳಗೊಂದು ಚೌಕ ಮಾಡಿ ಅದರಲ್ಲಿ ಕತೆಯ ಹಾಗೆ ಬರೆದಿದ್ದರು. ಸುನೀಲ ಅದನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದ. ಮನೆ ಸಿಮೆಂಟಿನದಾದರೂ ಆ ಒಂದು ಗೋಡೆಗೆ ಅವನ ತಾಯಿ ಗಂಗೆ ಕೆಮ್ಮಣ್ಣನ್ನೇ ಬಳಿಯುತ್ತಿದ್ದಳು. ಅತ್ತೆ ಸೊಸೆ ಕೂಡಿ ಅದರ ಮೇಲೆ ಅಕ್ಕಿ ಹಿಟ್ಟಿನ ಚಿತ್ತಾರ ಬರೆಯುತ್ತಿದ್ದರು. ಈ ವರ್ಷ ಬರೆದಿರಲಿಲ್ಲ.

ಗಂಗೆ ಹಾಸಿಗೆಯ ಅಂಚಿಗೆ ಕೂತಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಹಾಳೆಯ ತೀರ ಕೆಳಗಿನ ಚೌಕದ ಮೇಲೆ ಬೆರಳಿಟ್ಟಳು. "ಈ ಹೆಂಗ್ಸನ್ನಾರೂ ನೋಡೇ. ಮೊದ್ಲು ಬೋಳು ಮಂಡೆ. ಆಮೇಲೆ ದಿಂಬಿನ ಹತ್ರ ಚೂರು ಕೂದ್ಲು ಬಂತು. ಇಲ್ಲಿ ಬಕೆಟ್ಟಿನಲ್ಲಿ ಮುಖ ತೊಳ್ಕಂಡ್ಳು. ಇಲ್ಲಿ ಬಾಟ್ಲಿ ಹಚ್ಚಿದ್ರು. ಕೊನಿಗೆ ನೋಡು, ಇಷ್ಟುದ್ದ ಜಡೆ ಹಾಕ್ಕಂಡು, ಚೀಲ ಹಿಡ್ಕಂಡು ನಗ್ತಾ ಮನಿಗೆ ಹೊಂಟಾಳೆ. ಮದ್ದು ಹಿಡಿದದೆ ಅವಳಿಗೆ!"

ಸೌಮ್ಯಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಗಂಗೆ ಬೆನ್ನ ಮೇಲೆ ಕೈ ಇಟ್ಟಳು. ಸೌಮ್ಯ ನಗುತ್ತಿದ್ದಳು.

"ಅತ್ತೆ, ಅದು ಮೇಲಿಂದ ಕೆಳಗೆ. ನೀವು ತಿರುಗಾಮುರುಗಾ ಮಾಡಿದ್ರಿ."

"ಮೇಲಿಂದ ಯಾರಾರೂ ಚಿತ್ತಾರ ಬರೀತಾರನೇ? ನೆಲದ ಅಂಚೇ ಕಟ್ಟದೆ?"

"ಅವರು ಬರೀತಾರೆ. ಚೀಲ ಹಿಡ್ಕಂಡಿದ್ದು ಆಸ್ಪತ್ರೆಗೆ ಬರಾಕೆ. ಬಕೆಟ್ಟಿನಲ್ಲಿ ಮುಖ ತೊಳೆಯದಲ್ಲ, ವಾಂತಿ ಮಾಡದು. ದಿಂಬಿನ ಮೇಲಿಂದು ಬಂದ ಕೂದಲಲ್ಲ ಅತ್ತೆ, ಉದುರಿದ್ದು." ನಗು ಅಲ್ಲಿಗೆ ನಿಂತಿತು.

ಗಂಗೆಯ ಬೆರಳು ಮೆಲ್ಲಗೆ ಕೆಳಗೆ ಇಳಿದು ಬೋಳು ತಲೆಯ ಹೆಂಗಸಿನ ಹತ್ತಿರ ನಿಂತಿತು. "ಹಂಗಾರೆ ಇವಳ ಕತೆ ಇಲ್ಲಿಗೇ ಮುಗೀತಾ?"

"ಅವರು ಬರೆದಿದ್ದು ಅಷ್ಟೇ. ದಿನಾ ಇದನ್ನೇ ನೋಡ್ತಾ ಮಲಗ್ತೀನಿ." ಸೌಮ್ಯ ತಲೆಗೆ ಕಟ್ಟಿದ್ದ ವಸ್ತ್ರವನ್ನು ಕಿವಿಯ ಮೇಲಕ್ಕೆ ಎಳೆದುಕೊಂಡಳು. "ಆ ವಾರ್ಡಿನೊಳಗೆ ಗಂಡಸ್ರನ್ನ ಬಿಡದಿಲ್ಲ. ಇವರು ಹೊರಗೆ ಬೆಂಚಿನ ಮೇಲೆ. ಒಳಗೆ ಎಲ್ಲರ ಪಕ್ಕಕ್ಕೂ ಅವ್ವನೋ ಅಕ್ಕನೋ ಕೂತಿರ್ತಾರೆ. ನನ್ನ ಪಕ್ಕ ಆ ಬಾಟ್ಲಿ ಒಂದೇ. ಹನಿ ಬೀಳದು ನೋಡ್ತಾ ಮಲಗಬೇಕು. ಇನ್ನು ನನ್ನ ಕೈಲಾಗದಿಲ್ಲ."

ಸೌಮ್ಯಳಿಗೆ ತವರಿನಲ್ಲಿ ತಾಯಿ ಇಲ್ಲ. ಇತ್ತ ಗಂಗೆ, ಮಂಗನ ಕಾಯಿಲೆಯಲ್ಲಿ ಗಂಡನನ್ನು ಜೀಪಿನಲ್ಲಿ ಕರೆದೊಯ್ದು ಅದೇ ಜೀಪಿನಲ್ಲಿ ಬಟ್ಟೆ ಮುಚ್ಚಿ ತಂದ ದಿನದಿಂದ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು. ಯಾರೂ ಅವಳನ್ನು ಬಾ ಎಂದು ಕರೆದಿರಲಿಲ್ಲ.

ಅವಳು ಎದ್ದು ಅಡಿಗೆಮನೆಗೆ ಹೋದಳು. ರುಬ್ಬುವ ಸದ್ದು ಕೇಳಿಸಿತು. ಬರುವಾಗ ಕರಟದಲ್ಲಿ ಅಕ್ಕಿಯ ಬಿಳಿ, ಕೈಯಲ್ಲಿ ಪುಂಡಿ ನಾರಿನ ಕುಂಚ. ಹಾಳೆಯ ಕೆಳಗೆ ನೆಲದವರೆಗೂ ಕೆಂಪು ಗೋಡೆ ಖಾಲಿ ಇತ್ತು. ಗಂಗೆ ನೆಲಕ್ಕೆ ಕೂತು ಮೊದಲು ಅಡಿಯ ಅಂಚು ಎಳೆದಳು. ಅದರ ಮೇಲೆ ಒಬ್ಬ ಹೆಂಗಸು, ಚೂಪು ತಾಗಿಸಿಟ್ಟ ಎರಡು ಮುಕ್ಕೋನದ ಮೈ. ಕೈಯಲ್ಲಿ ಭತ್ತದ ಸಸಿಯ ಕಟ್ಟು, ಬೆನ್ನ ಮೇಲೆ ಹಿಮ್ಮಡಿ ಮುಟ್ಟುವ ಜಡೆ.

"ಇದು ಕೊನೇದು" ಎಂದಳು.

"ಕೊನೇದನ್ನೇ ಮೊದ್ಲು ಬರೆದ್ರಲ್ಲ ಅತ್ತೆ?"

"ನಂಗೆ ಬರಾದೇ ಹಿಂಗೆ. ನಡುವಿಂದು ನೀನೇ ಬರಿ. ಆ ಒಳಗೆ ಹೆಂಗದೆ ಅಂತ ನಾ ಕಂಡವಳಲ್ಲ."

ಕರಟವನ್ನು ಹಾಸಿಗೆಯ ಕಡೆ ದೂಡಿದಳು. ಹಾಳೆಯ ಬೋಳು ತಲೆಯವಳಿಗೂ ಗೋಡೆಯ ಜಡೆಯವಳಿಗೂ ನಡುವೆ ಒಂದು ಗೇಣು ಗೋಡೆ ಉಳಿದಿತ್ತು. ಸೌಮ್ಯ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೆಳಗಿಳಿದು ಕೂತಳು. ತಲೆಯ ವಸ್ತ್ರ ಜಾರಿತು, ಸರಿಮಾಡಿಕೊಳ್ಳಲಿಲ್ಲ. ಆ ಮನೆಯಲ್ಲಿ ಎಲ್ಲಕ್ಕಿಂತ ನೇರವಾದ ಎಳೆ ಅವಳದೇ ಆಗಿತ್ತು. ಈಗ ಇಂಜೆಕ್ಷನ್ನಿನಿಂದ ಬೆರಳ ತುದಿ ಜೋಮು ಹಿಡಿದು ಎಳೆ ನಡುಗಿತು. ಆದರೂ ಮಂಚ ಆಯಿತು, ಕಂಬಕ್ಕೆ ತೂಗಿದ ಬಾಟ್ಲಿ ಆಯಿತು, ಮಂಚದ ಮೇಲೆ ಬೋಳು ತಲೆಯವಳೂ ಆದಳು. ಕುಂಚ ಅಲ್ಲೇ ತಡೆಯಿತು. ಮತ್ತೆ ಅದ್ದಿಕೊಂಡು, ಮಂಚದ ಪಕ್ಕಕ್ಕೆ ಇನ್ನೊಬ್ಬಳನ್ನು ಕೂರಿಸಿದಳು. ತಲೆಯಲ್ಲಿ ಅಡಿಕೆಯಷ್ಟು ತುರುಬು.

"ಇದ್ಯಾರೇ?"

ಸೌಮ್ಯ ತಿರುಗಿ ನೋಡಲಿಲ್ಲ. "ನೀವು" ಎಂದಳು.

ಹೊರಗೆ ಸ್ಕೂಟರ್ ಬಂದು ನಿಂತ ಸದ್ದಾಯಿತು. ಗಂಗೆ ತುರುಬು ಮುಟ್ಟಿ ನೋಡಿಕೊಂಡಳು. "ನನ್ನ ಸೊಂಟ ಯಾವ ಕಾಲಕ್ಕೆ ಇಷ್ಟು ಸಪೂರ ಇತ್ತೇ?" ಎಂದಳು. ಆಮೇಲೆ ಗೋಡೆ ಹಿಡಿದು ಎದ್ದು, ಬಿಳಿ ಮೆತ್ತಿದ ಕೈಯಲ್ಲೇ ಬಟ್ಟೆ ಹಾಕುವ ಗಳುವಿನ ಮೇಲಿದ್ದ ಪೇಟೆಗೆ ಉಡುವ ಸೀರೆ ಎಳೆದುಕೊಂಡಳು. ಬೆಳಗಿಗೆ ನಿರಿಗೆ ಕೂರಲಿ ಎಂದು ಮಡಚಿ ಹಾಸಿಗೆಯ ಅಡಿಗೆ ಇಟ್ಟಳು.