ಮುದಿ ಬಾಯ್ಲರು

ಬೆಳಗಾವಿಯ ಎಲ್ಲ ಮನೆಗಳಲ್ಲಿದ್ದಂತೆ ನೀಲಗಂಗಾಳ ಬಚ್ಚಲಲ್ಲೂ ಒಂದು ಜೀವಂತ ಬಾಯ್ಲರು ಕೂತಿತ್ತು. ಅವಳು ಮದುವೆಯಾಗಿ ಬಂದ ವರ್ಷ ತಂದದ್ದು. ದಿನಾ ತರಕಾರಿ ಸಿಪ್ಪೆ ತಿಂದು, ಹೊಟ್ಟೆಯಲ್ಲಿ ನೀರು ಕಾಯಿಸಿ ಕೊಡುತ್ತಿತ್ತು. ಈ ಚಳಿಗಾಲದಲ್ಲಿ ಮಾತ್ರ ಎಷ್ಟು ತಿಂದರೂ ನೀರು ಉಗುರುಬೆಚ್ಚಗೂ ಆಗುತ್ತಿರಲಿಲ್ಲ. ಕೀಲುನೋವಿನ ಅತ್ತೆ ಶಿವಬಸವ್ವ ಸ್ನಾನವನ್ನೇ ಬಿಟ್ಟಿದ್ದರು.

"ಮುದಿ ಆಗೇತ್ರಿ. ಹೊಸಾದು ತಂದೀನಿ, ಹಳೇದನ್ನ ಒಯ್ತೀನಿ," ಎಂದ ರಿಪೇರಿಯ ದಸ್ತಗೀರ. ಹಾಗೆ ಒಯ್ದವು ಮತ್ತೆ ಬದುಕುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನೀಲಗಂಗಾ ಅದರ ಮೈ ಸವರಿದಳು. ತಣ್ಣಗಿತ್ತು.

"ಹಂಗಾರ ತಿಂದದ್ದೆಲ್ಲ ಎಲ್ಲಿ ಹೊಕ್ಕೈತಿ?" ಎನ್ನುತ್ತ ಬಾಯ್ಲರಿನ ಹಿಂದೆ, ಗೋಡೆಯ ಸಂದಿಗೆ ಕೈ ಹಾಕಿದವಳು ಚಟ್ಟನೆ ಎಳೆದುಕೊಂಡಳು. ಬೆರಳು ಚುರ್ರೆಂದಿತ್ತು.

ದಸ್ತಗೀರ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ. ಬಾಯ್ಲರಿನ ಬೆನ್ನಿಗೆ ಅಂಟಿಕೊಂಡು, ತೆಂಗಿನಕಾಯಿಯಷ್ಟು ದೊಡ್ಡ ಮರಿಯೊಂದು ಕಣ್ಣು ಮುಚ್ಚಿ ಉಸಿರಾಡುತ್ತಿತ್ತು.

ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಗ್ಗಿದರು. "ಅಯ್ಯ, ಇವು ಮರಿ ಹಾಕ್ತಾವೇನೋ?"

"ಯಾರಿಗ್ಗೊತ್ತವ್ವ? ಇಷ್ಟು ವಯಸ್ಸಾಗೂತನಕ ಯಾರೂ ಇಟ್ಕೊಂಡೇ ಇಲ್ಲ," ಎಂದ ದಸ್ತಗೀರ.

ನೀಲಗಂಗಾ ಅತ್ತೆಯ ಮುಖ ನೋಡಿದಳು. ಬಿಸಿನೀರು ಬೇಕಾದದ್ದು ಅವರಿಗೇ.

"ಹೊಸಾದನ್ನ ತಿರುಗಿ ಒಯ್ಯಪಾ," ಎಂದರು ಶಿವಬಸವ್ವ. "ನಾ ಒಲಿ ಮ್ಯಾಲೆ ಕಾಸ್ಕೊಂತೀನಿ."

ದಸ್ತಗೀರ ಹೊಸ ಬಾಯ್ಲರನ್ನು ಗಾಡಿಗೆ ಏರಿಸಿದ. ಆಮೇಲೆ, ಮರಿ ಕಣ್ಣು ಬಿಡುವುದನ್ನು ನೋಡಲು ತಾನೂ ಒಳಗೆ ಬಂದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತ.