ಕಿಟಕಿಯ ಕೋಟು

ಮೊದಲ ಕೋಟಿನ ಎದೆ, ಬೆನ್ನು ಜೋಡಿಸಿ ಗೊಂಬೆಗೆ ತೊಡಿಸಿ ಎರಡು ಹೆಜ್ಜೆ ಹಿಂದೆ ಸರಿದಾಗಲೇ ಟೈಲರಮ್ಮನಿಗೆ ಕಂಡದ್ದು. ಕೋಟಿನ ಎಡಭಾಗ ಕಡುಗೆಂಪು, ಬಲಭಾಗ ತೆಳುಗೆಂಪು. ಒಂದೇ ಥಾನಿನಿಂದ ತೆಗೆದ ಒಂದೇ ಮಖಮಲ್ಲು! ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಸವರಿದಳು. ಬಲಗಡೆ ನುಣ್ಣಗೆ ಜಾರಿತು. ಎಡಗಡೆ, ಬೆಕ್ಕಿನ ಬೆನ್ನನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗೆ, ತಡೆಯಿತು.

ಬೇಗ ಮುಗಿಯಲಿ ಎಂದು ಬಟ್ಟೆಯ ಒಂದು ತುದಿಯನ್ನು ಇನ್ನೊಂದು ತುದಿಗೆ ತಂದು ಮಡಚಿ, ಎರಡೆರಡು ಪದರ ಒಟ್ಟಿಗೆ ಕತ್ತರಿಸಿದ್ದಳು. ಮಡಚಿದಾಗ ಮೇಲಿನ ಪದರದ ನವಿರು, ಅಂದರೆ ಮಖಮಲ್ಲಿನ ಕೂದಲಿನಂಥ ಎಳೆ, ತಲೆಕೆಳಗಾಗಿ ಬಣ್ಣವೇ ಬೇರೆ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅವಸರಕ್ಕೆ ಕಣ್ಣಿಲ್ಲ ನೋಡಿ. ಒಂದಲ್ಲ, ಎರಡಲ್ಲ, ಬ್ಯಾಂಡಿನವರ ಹನ್ನೊಂದು ಕೋಟುಗಳ ಎದೆ ಬೆನ್ನೂ ಹಾಗೇ ಕತ್ತರಿಸಿಯಾಗಿತ್ತು. ಆ ಬಣ್ಣದ ಬಟ್ಟೆ ಪೇಟೆಯಲ್ಲೆಲ್ಲೂ ಉಳಿದಿರಲಿಲ್ಲ. ಅಂಗಡಿ ತೆರೆದ ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಎದುರಂಗಡಿಯ ಮಾಸ್ಟರು ಒಂದು ತಿಂಗಳು ಬೇಕೆಂದಿದ್ದರು, ಇವಳು ಹತ್ತೇ ದಿನ ಎಂದು ಕಸಿದುಕೊಂಡಿದ್ದಳು. ಈಗ ಆ ಮಾಸ್ಟರಿಗೆ ಕಾಣಬಾರದೆಂದು ಎದ್ದು ಹೋಗಿ ಷಟರನ್ನು ಅರ್ಧ ಎಳೆದಳು.

ಐದು ನಿಮಿಷವೂ ಆಗಿರಲಿಲ್ಲ. ಷಟರಿನ ಕೆಳಗೆ ಮೊದಲು ಎರಡು ಹಳೆ ಚಪ್ಪಲಿ, ಆಮೇಲೆ ಕುತ್ತಿಗೆಗೆ ಟೇಪು ಸುತ್ತಿದ ಒಂದು ಬೋಳುತಲೆ ಕಾಣಿಸಿತು.

"ಹಗಲು ಹನ್ನೊಂದಕ್ಕೆ ಟೈಲರ್ ಅರ್ಧ ಬಾಗಿಲು ಹಾಕಿದ್ರೆ, ಒಂದೋ ಮನೇಲಿ ಸಾವಾಗಿರಬೇಕು, ಇಲ್ಲ ಕತ್ತರಿ ತಪ್ಪಿರಬೇಕು. ಯಾವುದಮ್ಮಾ?"

ಅವಳು ಗೊಂಬೆಯ ಕಡೆ ಕೈ ತೋರಿಸಿದಳು. ಮಾಸ್ಟರು ಒಳಗೆ ನುಸುಳಿ ಗೊಂಬೆಯ ಸುತ್ತ ಒಂದು ಸುತ್ತು ಬಂದರು, ಬೆರಳಿನಿಂದ ಎರಡೂ ಕಡೆ ಸವರಿದರು. ಬೀದಿಗೆಲ್ಲ ಹರಿತ ಎನಿಸಿದ್ದ ಆ ನಾಲಿಗೆಯಿಂದ ಯಾವ ಮಾತು ಬೀಳುತ್ತದೋ ಎಂದು ಅವಳು ಕಾದು ನಿಂತಳು.

"ತೋಳು ಕತ್ತರಿಸಿದ್ದೀಯಾ?"

"ಇಲ್ಲ ಮಾಸ್ಟ್ರೇ."

"ಬಟ್ಟೆ ಇದೆಯಾ?"

"ತೋಳಿಗೆ ಆಗೋ ಅಷ್ಟು ಮಾತ್ರ ಇದೆ."

"ಹಾಗಾದ್ರೆ ಏನೂ ಕೆಟ್ಟಿಲ್ಲ. ಕಡುಗೆಂಪು ಕಡೆಗೆ ತೆಳುಗೆಂಪು ತೋಳು ಬರ್ಲಿ, ತೆಳು ಕಡೆಗೆ ಕಡು ತೋಳು. ಒಂದೊಂದೇ ಪದರ ಹಾಸಿ ಕತ್ತರಿಸು, ಮತ್ತೆ ಮಡಚಬೇಡ. ನವಿರು ಯಾವ ಕಡೆಗೆ ಅಂತ ಪ್ರತಿ ತುಂಡಿಗೂ ಸೀಮೆಸುಣ್ಣದ ಬಾಣ ಹಾಕು. ಇಸ್ತ್ರಿ ನೇರ ಇಟ್ಟೀಯಾ ಜೋಕೆ, ಕೆಳಗೆ ಮಖಮಲ್ಲಿನ ಒಂದು ಚೂರನ್ನೇ ಹಾಸ್ಕೋ." ಅವರು ಕನ್ನಡಕ ಒರೆಸಿಕೊಂಡರು. "ಒಂದು ಸಲ ಆದ್ರೆ ತಪ್ಪು ಕಣಮ್ಮಾ. ಅದನ್ನೇ ಬೇಕಂತ ಇನ್ನೊಂದು ಸಲ ಮಾಡಿದ್ರೆ ಡಿಜೈನು."

ಅವಳ ಕಣ್ಣು ತಟ್ಟನೆ ಷಟರಿನಡಿಯಿಂದ ಬೀದಿಯಾಚೆ ಹೋಯಿತು. ಮಾಸ್ಟರ ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಪ್ಪತ್ತು ವರ್ಷದಿಂದ ನಿಂತಿದ್ದ ಕಡು, ತೆಳು ಎರಡು ಛಾಯೆಯ ನೀಲಿ ಮಖಮಲ್ಲಿನ ಕೋಟು. ಅದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಅಂಥದ್ದೇ ಇನ್ನೊಂದು ಹೊಲಿದುಕೊಡಿ ಎಂದವರನ್ನು ಮಾಸ್ಟರು ಗದರಿ ಕಳಿಸುತ್ತಿದ್ದರು. ಇವಳೂ ಕೆಲಸ ಕಲಿಯುವಾಗ ಆ ಗಾಜಿಗೆ ಮೂಗು ಒತ್ತಿ ನಿಂತವಳೇ.

"ಮಾಸ್ಟ್ರೇ, ನಿಮ್ಮ ಆ ಕೋಟು..."

"ಅದೂ ಒಂದೇ ಥಾನು. ನನಗೂ ಆಗ ನಿನ್ನ ವಯಸ್ಸು, ನಿನ್ನಷ್ಟೇ ಅವಸರ. ಹೇಳಿಕೊಡೋರು ಯಾರೂ ಇರ್ಲಿಲ್ಲ. ಮೂರು ದಿನ ಅನ್ನ ಸೇರ್ಲಿಲ್ಲ, ನಾಲ್ಕನೇ ದಿನ ಈ ತೋಳಿನ ಉಪಾಯ ಹೊಳೀತು. ಗಿರಾಕಿ ಅಷ್ಟು ದಿನ ಕಾಯ್ಲಿಲ್ಲ, ಕೋಟು ನನ್ನ ಹತ್ರ ಉಳೀತು."

ಹೇಳಿದವರೇ ಷಟರಿನಡಿ ಬಗ್ಗಿ ಹೊರಟುಹೋದರು. ಅವಳು ಸೀಮೆಸುಣ್ಣ ಹುಡುಕುವಷ್ಟರಲ್ಲಿ ಮರಳಿ ಬಂದರು. ತೋಳಿನ ಮೇಲೆ ನೀಲಿ ಕೋಟು ಇತ್ತು.

"ಇಂಥದ್ದು ಒಬ್ಬರೇ ಹೊಲಿದಿದ್ರೆ ಜನ ವಿಚಿತ್ರ ಅಂತಾರೆ. ಪಕ್ಕದಲ್ಲಿ ಇನ್ನೊಬ್ಬರದ್ದೂ ಇದ್ರೆ ಫ್ಯಾಷನ್ ಅಂತಾರೆ. ಬ್ಯಾಂಡಿನ ಯಜಮಾನ ಬರೋ ಹೊತ್ತಿಗೆ ಇದೂ ಇಲ್ಲಿರಲಿ."

"ನಿಮ್ಮ ಕಿಟಕಿ ಖಾಲಿಯಾಗುತ್ತಲ್ಲ?"

"ಇಪ್ಪತ್ತು ವರ್ಷ ನೋಡಿದ್ದನ್ನೇ ನೋಡಿ ಅದಕ್ಕೂ ಬೇಜಾರಾಗಿದೆ ಬಿಡು. ಷಟರ್ ಮೇಲಕ್ಕೆತ್ತು ಮೊದಲು, ಕತ್ತಲಲ್ಲಿ ಮಖಮಲ್ಲು ಕತ್ತರಿಸ್ತಾರಾ ಯಾರಾದ್ರೂ!"

ಹತ್ತನೇ ದಿನ ಬೆಳಿಗ್ಗೆ ಬ್ಯಾಂಡಿನ ಯಜಮಾನ ಬಂದ. ಸಾಲಾಗಿ ತೂಗಿದ ಹನ್ನೊಂದು ಕೆಂಪು ಕೋಟುಗಳ ಮುಂದೆ ಅವನ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಅವನಿಗೆ ಕೊನೆಯಲ್ಲಿದ್ದ ನೀಲಿ ಕೋಟು ಕಂಡಿತು.

"ಅರೆ, ಇದು ಮಾಸ್ಟರದ್ದಲ್ವಾ? ಈ ಥರದ್ದು ಬೇಕು ಅಂತ ನಾನು ಮೂರು ಸಲ ಕೇಳಿದ್ದೆ, ಬೈದು ಕಳಿಸಿದ್ರು!" ಅವನು ಕೆಂಪು ಕೋಟೊಂದನ್ನು ತೊಟ್ಟು ಕನ್ನಡಿಯ ಮುಂದೆ ಎರಡು ಸಲ ತಿರುಗಿದ, ಮುಖ ಅರಳಿತು. "ಹನ್ನೊಂದಕ್ಕೆ ಹನ್ನೊಂದೂ ಹೀಗೇ! ಯಾರಿಗೂ ಬಿಟ್ಟುಕೊಡದ ಗುಟ್ಟು, ನಿಮ್ಮ ಕೈಗೆ ಹೇಗಮ್ಮಾ ಬಂತು?"

"ಅವರು ಮಾಡಿದ ತಪ್ಪನ್ನೇ ನಾನೂ ಮಾಡಿದೆ ಸಾರ್."

ಯಜಮಾನ ಅದನ್ನು ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕ. ಟೈಲರಮ್ಮ ಬೀದಿಯಾಚೆ ನೋಡಿದಳು. ಗಾಜಿನ ಕಿಟಕಿಯಲ್ಲಿ ಗೊಂಬೆ ಬರಿಮೈಯಲ್ಲಿ ನಿಂತಿತ್ತು. ಅದರ ಹಿಂದೆ ಮಾಸ್ಟರು ತಲೆ ತಗ್ಗಿಸಿ ಯಾರದೋ ಹಳೆ ಅಂಗಿಗೆ ಗುಂಡಿ ಹಾಕುತ್ತಿದ್ದರು.