ಮಲಪನಗುಡಿಗೆ ಬಂದ ಹಿಮದ ಯಂತ್ರ

ಯಂತ್ರ ನಡುಮನೆಯಲ್ಲೇ ಕುಂಯ್‌ಗುಟ್ಟಿತು. ದೊಡ್ಡಬಸಪ್ಪನ ಕೈಯಲ್ಲಿದ್ದ ಕಪ್ಪಿನ ಚಹಾ ಬಸಿಗೆ ತುಳುಕಿತು.

"ಐತಿ," ಎಂದಳು ಯಂತ್ರ ಹಿಡಿದಿದ್ದ ಹೆಂಡತಿ ಸಂಗಮ್ಮ. "ಈ ಮನ್ಯಾಗ ಎಲ್ಲೋ ಮೊಬೈಲ್ ಐತಿ."

"ಎಲ್ಲಿಂದ ಬರತೈತಿ? ನನ್ನ ಫೋನು ನೀನ ಹೊಳಿಗೆ ಒಗೆದಿಯಲ್ಲ."

"ಅದು ಹೋತು ಬಿಡ್ರಿ. ನಾ ಹುಡುಕಾಕತ್ತಿದ್ದು ಇನ್ನೊಂದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ದಡ್ಡ ದೊಡ್ಡಬಸಪ್ಪನಲ್ಲ. ಬಸಿಯಲ್ಲಿ ಚೆಲ್ಲಿದ್ದನ್ನೂ ಸುರ್ ಎಂದು ಕುಡಿದ.

ಅದು ಸಂಡೂರಿನ ಗುಡ್ಡದ ಕೆಂಪು ಮಣ್ಣಿಗೆ ಚೀನಾದವರು ಕೇಳಿದಷ್ಟು ಕೊಡುತ್ತಿದ್ದ ಕಾಲ. ಅದಿರು ಲಾರಿಗಳ ಮಾಲೀಕ ದೊಡ್ಡಬಸಪ್ಪ, ಕೈತುಂಬ ಹಣ ಬಂದದ್ದೇ ಹೆಂಡತಿಯನ್ನು ಕರೆದುಕೊಂಡು ಮನಾಲಿಗೆ ಹೋಗಿದ್ದ. ಹಿಮದ ಮೇಲೆ ಓಡುವ ಸ್ಕೂಟರ್ ಹತ್ತುವ ಮೊದಲು ಅಲ್ಲಿನ ಗೈಡ್ ಇಬ್ಬರ ಎದೆಗೂ ಒಂದೊಂದು ಯಂತ್ರ ಕಟ್ಟಿದ. ಯಾರಾದರೂ ಹಿಮದಡಿ ಹೂತುಹೋದರೆ ಅವರ ಯಂತ್ರದ ಸುಳಿವನ್ನು ಇನ್ನೊಂದು ಯಂತ್ರ ಹಿಡಿದು, ಕೂಗಿ ಜಾಗ ತೋರಿಸುತ್ತದಂತೆ. ಮೊಬೈಲ್ ಬಂದ್ ಮಾಡಿ, ಹತ್ತಿರವಿದ್ದರೆ ಯಂತ್ರಕ್ಕೆ ಭ್ರಮೆ ಹಿಡಿಯುತ್ತದೆ, ಇಲ್ಲದ ಕಡೆಯೂ ಕೂಗುತ್ತದೆ ಎಂದು ಅವನು ಹಿಂದಿಯಲ್ಲಿ ಎಚ್ಚರಿಸಿದ. ಸಂಗಮ್ಮನಿಗೆ ಮೊಬೈಲೇ ಇರಲಿಲ್ಲ. ದೊಡ್ಡಬಸಪ್ಪ ಗೋಣು ಹಾಕಿದ, ಬಂದ್ ಮಾಡಲಿಲ್ಲ. ಬಂದರಿಗೆ ಹೋಗುವ ಲೋಡಿನ ಮಾತುಕತೆ ಅರ್ಧಕ್ಕೆ ನಿಂತಿತ್ತು.

ಹಿಮ ಕುಸಿಯಿತು. ದೊಡ್ಡಬಸಪ್ಪ ಜೇಬಿನ ಮೊಬೈಲಿನ ಸಮೇತ ಅದರಡಿ ಹೂತುಹೋದ. ಗೈಡಿನ ಯಂತ್ರ ಒಮ್ಮೆ ಅತ್ತ ಎಂದಿತು, ಒಮ್ಮೆ ಇತ್ತ ಎಂದಿತು. ಕೊನೆಗೆ ಕೆಂಪು ಮಫ್ಲರಿನ ತುದಿ ಕಂಡದ್ದು ಸಂಗಮ್ಮನಿಗೆ. ಬರಿಗೈಯಲ್ಲಿ ಬಗೆದು ಗಂಡನನ್ನು ಹೊರಗೆಳೆದವಳೂ ಅವಳೇ. ಆಮೇಲೆ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ತಮ್ಮೂರು ಮಲಪನಗುಡಿಗೆ ಬಂದವರೇ ಹಂಪಿಗೆ ಹೋದರು. ಬರುವ ಶಿವರಾತ್ರಿಯವರೆಗೆ ಮೊಬೈಲ್ ಮುಟ್ಟುವುದಿಲ್ಲ ಎಂದು ದೊಡ್ಡಬಸಪ್ಪ ವಿರೂಪಾಕ್ಷನ ಮುಂದೆ ಆಣೆ ಮಾಡಿದ. ಸಂಗಮ್ಮ ಗಂಟೆ ಬಾರಿಸಿದಳು. ಮಾತಿಗೆ ತಪ್ಪಿದರೆ ಲಾರಿಗಳ ವ್ಯವಹಾರವೆಲ್ಲ ಅವಳ ಕೈಗೆ, ಅವನು ಮನೆಯ ಕಟ್ಟೆಗೆ. ಆಮೇಲೆ ಅವಳು ಫೋನನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ತುಂಗಭದ್ರೆಯ ದಂಡೆಗೆ ಇಳಿದಳು. ಅವನಿಗೆ ನೋಡಲಾಗಲಿಲ್ಲ, ಕಣ್ಣು ಮುಚ್ಚಿಕೊಂಡ. ಡುಬುಕ್ ಎಂದದ್ದಷ್ಟೇ ಕೇಳಿಸಿತು.

ಫೋನಿಲ್ಲದ ಮಾಲೀಕನಿಗೆ ಲೋಡ್ ಕೊಡುವವರು ಯಾರು? ಲಾರಿಗಳಿಗೆ ತುಕ್ಕು ಹಿಡಿಯುತ್ತದೆ ಎಂದು ಪೇಟೆಯವರು ನಕ್ಕರು. ಆದರೆ ಲೋಡ್ ನಿಲ್ಲಲಿಲ್ಲ, ಹೆಚ್ಚಾಯಿತು. "ಹೆಂಗೋ ಸಿಗಾಕತ್ಯಾವ್ರಿ ಯಜಮಾನ್ರ," ಎಂದು ಗುಮಾಸ್ತ ಮುರುಗೇಶ್ ನೆಲ ನೋಡಿಕೊಂಡು ಹೇಳುತ್ತಿದ್ದ. ಎಲ್ಲ ವಿರೂಪಾಕ್ಷನ ಕೃಪೆ! ಆ ಕೃಪೆ ಸಂಗಮ್ಮನ ಮೇಲೂ ಇಳಿದಿತ್ತು. ಕಮಲಾಪುರದ ಹತ್ತಿರ ಲಾರಿಯ ಟೈರ್ ಒಡೆದದ್ದು, ಕ್ಲೀನರ್ ಬಂದು ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. "ಯಾಕೋ ಹಂಗ ಅನಿಸ್ತ್ರಿ," ಎಂದಿದ್ದಳು. ಇಂಥ ಹೆಂಡತಿ ಸಿಕ್ಕಿದ್ದು ಪುಣ್ಯ ಎಂದು ದೊಡ್ಡಬಸಪ್ಪ ಕೈಮುಗಿದಿದ್ದ.

ಕೈಮುಗಿದರೂ ಚಟ ಬಿಡಬೇಕಲ್ಲ. ಹೊಸಪೇಟೆಗೆ ಹೋದವನು ಗುಟ್ಟಾಗಿ ಹೊಸ ಫೋನು, ಹೊಸ ನಂಬರು ಕೊಂಡು ತಂದ. ಹಚ್ಚುವ ಧೈರ್ಯ ಬರಲಿಲ್ಲ. ಬ್ಯಾಟರಿ ಕಳಚಿ ಎರಡನ್ನೂ ಜೋಳದ ಡಬ್ಬದ ತಳದಲ್ಲಿ ಹೂತ. ಅದರ ಖಾಲಿ ಪೆಟ್ಟಿಗೆ ಮಾತ್ರ ಹಿತ್ತಲಲ್ಲಿ ಸಂಗಮ್ಮನ ಕೈಗೆ ಸಿಕ್ಕಿತು. ನೆನಪಿಗಿರಲಿ ಎಂದು ಮನಾಲಿಯಿಂದ ಕೊಂಡುತಂದ ಯಂತ್ರವನ್ನು ಅವಳು ಅಟ್ಟದಿಂದ ಇಳಿಸಿದಳು. ಮೊಬೈಲ್ ಇದ್ದಲ್ಲಿ ಯಂತ್ರ ಕೂಗುತ್ತದೆ ತಾನೆ, ಕೂಗಲಿ. ಇದು ಅವಳ ಲೆಕ್ಕ.

ಯಂತ್ರ ಅಡುಗೆಮನೆ ಹೊಕ್ಕಿತು. ಜೋಳದ ಡಬ್ಬದ ಮುಂದೆ ಕುಂಯ್ ಎಂದಿತು. ಬ್ಯಾಟರಿಯಿಲ್ಲದ ಫೋನನ್ನೂ ಹಿಡಿಯಿತೇ! ಕಾಲಿಗೆ ಬಿದ್ದುಬಿಡೋಣ ಎಂದು ದೊಡ್ಡಬಸಪ್ಪ ಎದ್ದ. ಅಷ್ಟರಲ್ಲಿ ಅದು ಉಪ್ಪಿನಕಾಯಿ ಭರಣಿಗೂ ಕೂಗಿತು. ಬಚ್ಚಲಲ್ಲಿ ಕೂಗಿತು. ದೇವರ ಜಗಲಿಯ ಮುಂದೆ ಕೂಗಿತು. ಹಿತ್ತಲ ಬಾವಿಗೂ ಕೂಗಿತು.

"ಬಾವ್ಯಾಗೂ ಮೊಬೈಲ್ ಐತೇನ?" ಎಂದ ಅವನು. ಜೀವಕ್ಕೆ ಜೀವ ಬಂದಿತ್ತು.

ಸಂಗಮ್ಮ ಗಕ್ಕನೆ ನಿಂತಳು. ಕೈ ಸೊಂಟದ ಎಲೆಅಡಿಕೆ ಚೀಲದ ಮೇಲೆ ಹೋಯಿತು.

"ಯಂತ್ರ ಕೆಟ್ಟೈತ್ರಿ," ಎಂದಳು. "ಸುಮ್ನ ನಿಮ್ಮ ಮ್ಯಾಲೆ ಸಂಶೇ ಪಟ್ಟೆ. ಹಿಡೀರಿ ಇದನ್ನ, ನಾ ಆಕಳಿಗೆ ಮೇವು ಹಾಕಿ ಬರ್ತೀನಿ." ಯಂತ್ರವನ್ನು ಅವನ ಕೈಗೆ ತುರುಕಿ, ದನದ ಕೊಟ್ಟಿಗೆಯತ್ತ ಬಿರಬಿರನೆ ನಡೆದಳು.

ಅವಳು ಮರೆಯಾದದ್ದೇ ಯಂತ್ರ ತೆಪ್ಪಗಾಯಿತು. ಹಿಡಿದುಕೊಂಡೇ ಜೋಳದ ಡಬ್ಬದ ಬಳಿ ಹೋದ. ಉಸಿರಿಲ್ಲ. ಕಳ್ಳನ ಕೈಯಲ್ಲೇ ಸುಮ್ಮನಿರುವ ಯಂತ್ರ! ದೊಡ್ಡಬಸಪ್ಪನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಗೆಲುವನ್ನು ಯಾರಿಗೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಯಂತ್ರವನ್ನು ಬಂದ್ ಮಾಡಿಟ್ಟು ಫೋನ್ ತೆಗೆದ, ಜೋಳ ಒರೆಸಿದ, ಬ್ಯಾಟರಿ ಹಾಕಿದ. "ಒಂದ ಸಲ, ತಪ್ಪಾತು ತಂದೆ," ಎಂದು ವಿರೂಪಾಕ್ಷನಿಗೆ ಗಲ್ಲ ಬಡಿದುಕೊಂಡು ಮುರುಗೇಶನ ನಂಬರ್ ಒತ್ತಿದ.

"ಲೇ ಮುರುಗೇಶ, ನಾನೋ! ನಿಮ್ಮಮ್ಮಾರಿಗೆ ಇವತ್ತ ಹೆಂಗ ಟೋಪಿ ಹಾಕೀನಿ ಗೊತ್ತೇನ..."

"ಯಜಮಾನ್ರಾ?" ಮುರುಗೇಶನ ದನಿ ಗಡಬಡಿಸಿತು. "ಒಂದ್ ನಿಮಿಷ ತಡೀರಿ, ನನ್ನ ಇನ್ನೊಂದು ಫೋನಿಗೆ ನಿಮ್ಮ ಹಳೇ ನಂಬರಿಂದ ಅಮ್ಮಾರು ಲೈನ್‌ನ್ಯಾಗ ಅದಾರ, ಇವತ್ತಿನ ಲೋಡ್ ಹೇಳಾಕತ್ಯಾರ."